ಹೃದಯಕ್ಕೆ ಹಾಕುವ ಮುಂಚೆ ಸ್ಟೆಮ್ ಸೆಲ್‌ಗಳಿಗೆ ಆಕ್ಸಿಜನ್ ಕಮ್ಮಿ ಮಾಡಿದ್ದು: ನನ್ನ ಅನುಭವ

ಮೊದಲ ಸಲ ಮಾಡಿದಾಗ ಎಚ್‌ಐಎಫ್-1 ಆಲ್ಫಾ (ಆಕ್ಸಿಜನ್ ಇಳಿದಾಗ ಕೋಶದಲ್ಲಿ ಉಳಿಯುವ ಪ್ರೋಟೀನ್) ಗೆರೆ ಬರಬೇಕಾದ ಜಾಗ ಪೂರ್ತಿ ಖಾಲಿ ಇತ್ತು. ಇನ್‌ಕ್ಯುಬೇಟರ್‌ನ ಡಿಸ್‌ಪ್ಲೇ ಇಡೀ ದಿನ 1% ಆಕ್ಸಿಜನ್ ಅಂತಲೇ ತೋರಿಸಿತ್ತು. ಕೋಶಗಳು 24 ಗಂಟೆ ಒಳಗಿದ್ದವು. ಪ್ರೋಟೀನ್‌ಗಳನ್ನು ಗೆರೆಗಳಾಗಿ ತೋರಿಸುವ ಬ್ಲಾಟ್‌ನಲ್ಲಿ, ಎಲ್ಲ ಕೋಶಗಳಲ್ಲೂ ಇರುವ ಆಕ್ಟಿನ್ ಪ್ರೋಟೀನ್‌ನ ಗೆರೆ ದಪ್ಪಗೆ ಬಂದಿತ್ತು, ಅಂದರೆ ಪ್ರೋಟೀನ್ ಸರಿಯಾಗಿಯೇ ಸಿಕ್ಕಿತ್ತು. ತಪ್ಪು ನಾನು ಕೋಶಗಳನ್ನು ಹೊರಗೆ ತೆಗೆದ ರೀತಿಯಲ್ಲಿತ್ತು. ಅದು ಗೊತ್ತಾಗೋಕೆ ಎರಡು ತಿಂಗಳು ಬೇಕಾಯಿತು.

ಈ ಕೆಲಸ ಯಾಕೆ ಅಂತ ಮೊದಲು ಹೇಳುತ್ತೇನೆ. ಹಾರ್ಟ್ ಅಟ್ಯಾಕ್ ಆದಾಗ ರಕ್ತ ಸಿಗದ ಭಾಗದ ಸ್ನಾಯು ಸತ್ತು ಗಟ್ಟಿ ಕಲೆಯಾಗುತ್ತದೆ. ಅದನ್ನು ರಿಪೇರಿ ಮಾಡೋಕೆ ಅದರ ಸುತ್ತ ಮೂಳೆಮಜ್ಜೆಯ ಮೀಸೆನ್‌ಕೈಮಲ್ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಬಲ್ಲ ಮೂಲ ಕೋಶ) ಚುಚ್ಚಿದರೆ ಬಹುಪಾಲು ಕೆಲವೇ ದಿನಗಳಲ್ಲಿ ಸಾಯುತ್ತವೆ. ಮಜ್ಜೆಯಲ್ಲಿದ್ದಾಗ ಅವಕ್ಕೆ ಸಿಗುತ್ತಿದ್ದ ಆಕ್ಸಿಜನ್ ಸುಮಾರು 1ರಿಂದ 7%. ನಾವು ಬೆಳೆಸುವುದು ಸುಮಾರು 20%ನಲ್ಲಿ. ಆಮೇಲೆ ಏಕಾಏಕಿ ಆಕ್ಸಿಜನ್ ಇಲ್ಲದ ಜಾಗಕ್ಕೆ ಬಿಡುತ್ತೇವೆ. ನೆರಳಲ್ಲಿ ಬೆಳೆದ ಅಡಿಕೆ ಸಸಿಯನ್ನು ಮಾರ್ಚ್ ಬಿಸಿಲಿಗೆ ನೆಟ್ಟ ಹಾಗೆ.

ಸ್ವಲ್ಪ ಕಷ್ಟವನ್ನು ಮೊದಲೇ ಅಭ್ಯಾಸ ಮಾಡಿಸುವ ಯೋಚನೆ ಹಳೆಯದು. 1986ರಲ್ಲಿ ಮರ್ರಿ, ಜೆನ್ನಿಂಗ್ಸ್ ಮತ್ತು ರೈಮರ್ ಎಂಬ ವಿಜ್ಞಾನಿಗಳು ನಾಯಿಗಳ ಹೃದಯದ ಒಂದು ರಕ್ತನಾಳವನ್ನು 5 ನಿಮಿಷದಂತೆ 4 ಸಲ ಮುಚ್ಚಿ ಬಿಟ್ಟರು. ನಂತರ 40 ನಿಮಿಷ ಮುಚ್ಚಿದಾಗ ಹಾನಿ ಕಾಲು ಭಾಗಕ್ಕೆ ಇಳಿದಿತ್ತು. ನಾವು ಅದನ್ನೇ ಕೋಶಗಳಿಗೆ ಮಾಡುತ್ತಿದ್ದೇವೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆಕ್ಸಿಜನ್ ಸಾಕಷ್ಟಿದ್ದಾಗ ಕೋಶ ಎಚ್‌ಐಎಫ್-1 ಆಲ್ಫಾವನ್ನು ತಯಾರಿಸುತ್ತಲೇ ಒಡೆದು ಹಾಕುತ್ತದೆ. ಆಕ್ಸಿಜನ್ ಇಳಿದಾಗ ಅದು ಉಳಿದುಕೊಳ್ಳುತ್ತದೆ. ಹೊಸ ರಕ್ತನಾಳ ಬೆಳೆಸುವ ವಿಇಜಿಎಫ್‌ನಂಥ ಜೀನ್‌ಗಳನ್ನು ಎಬ್ಬಿಸುತ್ತದೆ. 2019ರ ವೈದ್ಯಕೀಯ ನೊಬೆಲ್ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಅವರಿಗೆ ಬಂದದ್ದು ಕೋಶ ಆಕ್ಸಿಜನ್ ಅಳೆಯುವ ಈ ರೀತಿಯನ್ನು ಬಿಡಿಸಿದ್ದಕ್ಕೇ. ಆದರೆ ಗಾಳಿ ತಾಗಿದರೆ ಈ ಪ್ರೋಟೀನ್ ನಿಮಿಷಗಳಲ್ಲಿ ಕರಗಿ ಹೋಗುತ್ತದೆ. ನಾನು ಪ್ಲೇಟ್ ಹಿಡಿದು ಕಾರಿಡಾರ್ ದಾಟಿ, ನಿಧಾನವಾಗಿ ಎರಡು ಸಲ ತೊಳೆದು, ಆಮೇಲೆ ಕೋಶ ಒಡೆಯುತ್ತಿದ್ದೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಈಗ ಐಸ್ ತಟ್ಟೆಯನ್ನು ಇನ್‌ಕ್ಯುಬೇಟರ್ ಪಕ್ಕದಲ್ಲೇ ಇಡುತ್ತೇನೆ. ಒಂದು ಸಲಕ್ಕೆ ಒಂದೇ ಪ್ಲೇಟ್. ಹೊರಗೆ ತಂದ ಕೂಡಲೇ ಮೀಡಿಯಂ (ಕೋಶ ಬೆಳೆಯುವ ಪೋಷಕ ದ್ರವ) ಚೆಲ್ಲಿ, ತಣ್ಣನೆಯ ಬಫರ್ ಒಮ್ಮೆ ಆಡಿಸಿ, ಸೀದಾ ಕೋಶ ಒಡೆಯುವ ಲೈಸಿಸ್ ಬಫರ್. ಹಾಗೆ ಮಾಡಿದ ದಿನ ಗೆರೆ ಕಪ್ಪಗೆ ಬಂತು. ಅದನ್ನು ನೋಡುತ್ತಾ ಡಾರ್ಕ್‌ರೂಮಲ್ಲಿ ಸುಮ್ನೆ ನಿಂತುಬಿಟ್ಟಿದ್ದೆ.

ಎರಡನೇ ಪಾಠ ಮೀಡಿಯಂನದ್ದು. ಡಿಸ್‌ಪ್ಲೇ ತೋರಿಸುವುದು ಒಳಗಿನ ಗಾಳಿಯನ್ನು. ಕೋಶ ಇರುವುದು ದ್ರವದ ತಳದಲ್ಲಿ, ಅಲ್ವಾ? ಹೊರಗಿನ ಮೀಡಿಯಂ ಹಾಕಿದರೆ ಅದರಲ್ಲಿ ಕರಗಿದ ಆಕ್ಸಿಜನ್ ಇಳಿಯೋಕೆ ಗಂಟೆಗಟ್ಟಲೆ ಬೇಕು. ಅದಕ್ಕೇ ಹಿಂದಿನ ರಾತ್ರಿಯೇ ಮೀಡಿಯಂ ಅನ್ನು ಫಿಲ್ಟರ್ ಮುಚ್ಚಳದ ಅಗಲ ಫ್ಲಾಸ್ಕ್‌ನಲ್ಲಿ ತೆಳುವಾಗಿ ಹರಡಿ 1% ಒಳಗೇ ಇಡುತ್ತೇನೆ.

ಸಾರಜನಕ ತುಂಬಿಯೇ ಒಳಗಿನ ಆಕ್ಸಿಜನ್ ತಳ್ಳಬೇಕು, ಹಾಗಾಗಿ ಸಿಲಿಂಡರ್ ಬೇಗ ಮುಗಿಯುತ್ತದೆ. ಒಂದು ಶನಿವಾರ ನಮ್ಮ ಲ್ಯಾಬ್ ಅಟೆಂಡರ್ ಫೋನ್ ಮಾಡಿ, "ಮೇಡಂ, ಮುಳ್ಳು ಕೆಳಗೆ ಬಂದಿದೆ, ಬೇಗ ಬನ್ನಿ" ಅಂದಿದ್ದಕ್ಕೆ ಒಂದು ಇಡೀ ಬ್ಯಾಚ್ ಉಳಿಯಿತು.

ಆಕ್ಸಿಜನ್ ಎಷ್ಟಕ್ಕೆ ಇಳಿಸಬೇಕು, ಎಷ್ಟು ಹೊತ್ತು ಇಡಬೇಕು? 0.5%ಗೆ ಇಳಿಸುವವರೂ ಇದ್ದಾರೆ. ನನಗೆ ಒಗ್ಗಿದ್ದು 1%, 24 ಗಂಟೆ. 72 ಗಂಟೆ ಬಿಟ್ಟಾಗ ಮೀಡಿಯಂ ಕೆಂಪಿನಿಂದ ಹಳದಿಗೆ ತಿರುಗಿತ್ತು. ಆಕ್ಸಿಜನ್ ಇಲ್ಲದೆ ಸಕ್ಕರೆ ಸುಟ್ಟ ಕೋಶಗಳು ಲ್ಯಾಕ್ಟಿಕ್ ಆಸಿಡ್ ಸುರಿದಿದ್ದವು. ಉದ್ದಕ್ಕೆ ಹರಡಿಕೊಂಡಿರಬೇಕಾದವು ಗುಂಡಗಾಗಿ ಮೇಲೆ ತೇಲುತ್ತಿದ್ದವು. ಅಭ್ಯಾಸ ಹೋಗಿ ಹಿಂಸೆ ಆಗಿತ್ತು ಅದು.

ಪ್ರತಿ ಬ್ಯಾಚ್‌ಗೂ ಸಿಡಿ73, ಸಿಡಿ90, ಸಿಡಿ105 (ಇವು ಈ ಸ್ಟೆಮ್ ಸೆಲ್‌ಗಳೇ ಅಂತ ಹೇಳುವ, ಕೋಶದ ಮೇಲ್ಮೈಯ ಪ್ರೋಟೀನ್‌ಗಳು) ಗುರುತುಗಳಿರುವ ಕೋಶಗಳು 95%ಗಿಂತ ಕೆಳಗೆ ಬಂದಿಲ್ಲ ಅಂತ ನೋಡುತ್ತೇನೆ. ಆಮೇಲೆ ನಿಜವಾದ ಪರೀಕ್ಷೆ: ಪೋಷಣೆ ಕೊಡುವ ಸೀರಂ ಇಲ್ಲ, ಆಕ್ಸಿಜನ್ ಇಲ್ಲವೆನ್ನುವಷ್ಟು ಕಮ್ಮಿ. ಟ್ರೈಪಾನ್ ಬ್ಲೂ ಬಣ್ಣ ಹಾಕಿದರೆ ಸತ್ತ ಕೋಶ ನೀಲಿ, ಬದುಕಿದ್ದು ಹೊಳೆಯುತ್ತದೆ. 20%ನಲ್ಲಿ ಬೆಳೆದವುಗಳ ಎಣಿಕೆಯ ಚೇಂಬರ್ ತುಂಬ ನೀಲಿ. ಪಳಗಿದವುಗಳಲ್ಲಿ ನೀಲಿ ಹುಡುಕಿ ಎಣಿಸಬೇಕು.

ನಮ್ಮ ಚಿಕ್ಕಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ. "ನನಗೂ ಈ ಕೋಶ ಹಾಕಿಸಿಬಿಡಮ್ಮ" ಅಂದರು. "ಇನ್ನೂ ಇಲಿಯಲ್ಲೇ ಇದ್ದೀವಿ ಚಿಕ್ಕಪ್ಪ, ಯಾರಾದ್ರೂ ದುಡ್ಡು ತಗೊಂಡು ಹಾಕ್ತೀವಿ ಅಂದ್ರೆ ಹೋಗ್ಬೇಡಿ" ಅಂದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಇಂಥದ್ದನ್ನು ಅನುಮತಿ ಪಡೆದ ಟ್ರಯಲ್ ಬಿಟ್ಟು ಬೇರೆಲ್ಲೂ ಕೊಡುವಂತಿಲ್ಲ.

ಇಲಿಯಲ್ಲಿ ಚುಚ್ಚುವುದು ಸತ್ತ ಜಾಗದ ನಡುವೆ ಅಲ್ಲ, ಅಂಚಿನಲ್ಲಿ. ಈಗ ನನ್ನ ತಲೆ ತಿನ್ನುತ್ತಿರುವುದು ಕೋಶಗಳನ್ನು ಪ್ಲೇಟ್‌ನಿಂದ ಬಿಡಿಸುವ ಟ್ರಿಪ್ಸಿನ್ ಹಾಕಿದಾಗಿನಿಂದ ಸಿರಿಂಜ್‌ವರೆಗಿನ ಸಮಯ. ಅಷ್ಟೂ ಹೊತ್ತು ಕೋಶಗಳು ಮತ್ತೆ ಗಾಳಿಯಲ್ಲೇ ಇರುತ್ತವೆ. ಮೊದಲು 50 ನಿಮಿಷ ಆಗುತ್ತಿತ್ತು, ಹೋದ ವಾರ 30ಕ್ಕೆ ತಂದಿದ್ದೇನೆ.