ಸಣ್ಣ ಮೇಲ್ ಹೋಗ್ತದೆ, ಪಿಡಿಎಫ್ ಹೋಗುವುದಿಲ್ಲ: ಬೈಕಂಪಾಡಿಯಲ್ಲಿ ನಾನು ಹುಡುಕಿದ ಬಗೆ

ಮಂಗಳೂರು ಬಳಿಯ ಬೈಕಂಪಾಡಿಯ ಗೇರುಬೀಜ ಫ್ಯಾಕ್ಟರಿಯೊಂದರ ಆಫೀಸಿನಿಂದ ಎರಡು ಸಾಲಿನ ಮೇಲ್ ಕ್ಷಣದಲ್ಲಿ ಹೋಗುತ್ತಿತ್ತು. ಇನ್‌ವಾಯ್ಸ್ ಪಿಡಿಎಫ್ ಲಗತ್ತಿಸಿದರೆ ಕ್ಯೂನಲ್ಲೇ ಬಾಕಿ. ಆಫೀಸಿನ ಸರ್ವರಿನಿಂದ ಮೇಲ್ ಕಳಿಸುವ ಪೋಸ್ಟ್‌ಫಿಕ್ಸ್ ತಂತ್ರಾಂಶದ ಲಾಗಿನಲ್ಲಿ ಪ್ರತಿ ಸಲ ಒಂದೇ ದೂರು: ಮೆಸೇಜ್ ಬಾಡಿ ಕಳಿಸುವಾಗ ಟೈಮ್‌ಔಟ್.

ನನಗಿಂತ ಮೊದಲು ಬಂದವರು ಸ್ವಿಚ್ ಬದಲಿಸಿದ್ದರು, ಮಳೆನೀರು ಹೊಕ್ಕಿರಬೇಕೆಂದು ಕೇಬಲ್ ಹೊಸದಾಗಿ ಎಳೆಸಿದ್ದರು. ಅಷ್ಟಕ್ಕೇ ಹದಿನೈದು ಸಾವಿರದಷ್ಟು ಹೋಗಿತ್ತು. ಕೊನೆಗೆ ಸರ್ವರೇ ಹಳತಾಯಿತೆಂದು ಎರಡು ಲಕ್ಷದ ಹತ್ತಿರದ ಕೊಟೇಶನ್ ಧಣಿಗಳ ಮೇಜಿಗೆ ಬಂತು. ಲ್ಯಾಪ್‌ಟಾಪಿನ ಬ್ರೌಸರಿನಿಂದ ಅದೇ ಪಿಡಿಎಫ್ ಸಲೀಸಾಗಿ ಹೋಗುತ್ತಿದ್ದುದರಿಂದ ಆ ಮಾತನ್ನು ಎಲ್ಲರೂ ನಂಬಿದ್ದರು. ನಾನು ಟರ್ಮಿನಲ್ ತೆರೆದಾಗ ಅಕೌಂಟೆಂಟ್, "ಅದರಲ್ಲಿ ಎಂತ ಸಿಗ್ತದೆ ಮಾರಾಯ್ರೆ?" ಅಂದರು.

ಆಚೆಯ ಮೇಲ್ ಸರ್ವರಿನ ಜೊತೆ ಕೈಯಾರೆ ಮಾತಾಡಲು ಓಪನ್‌ಎಸ್‌ಎಸ್‌ಎಲ್ ಎಸ್-ಕ್ಲೈಂಟ್ ಹಿಡಿದು, 587ನೇ ಪೋರ್ಟಿಗೆ ಸ್ಟಾರ್ಟ್‌ಟಿಎಲ್‌ಎಸ್‌ನಲ್ಲಿ (ಸಂಪರ್ಕವನ್ನು ಗೂಢಲಿಪಿಗೆ ತಿರುಗಿಸುವ ಆಜ್ಞೆ) ಹೋದೆ. ಸರ್ವರಿನ ಒಪ್ಪಿಗೆಯ ಸಂಖ್ಯೆಗಳು ಬಂದವು: ಲಾಗಿನ್‌ಗೆ 235, ಡೇಟಾ ಆಜ್ಞೆಗೆ 354, ಕೈಯಾರೆ ಟೈಪಿಸಿದ ಒಂದು ಸಾಲಿಗೆ 250. ಎಲ್ಲ ಸರಿ. ಒಂದು ವಿಷಯ ಗೊತ್ತಿರಲಿ: ಸಾಲಿನ ಮೊದಲಲ್ಲಿ ದೊಡ್ಡ 'ಆರ್' ಬಂದರೆ ಎಸ್-ಕ್ಲೈಂಟ್ ಅದನ್ನು ರೀನೆಗೋಶಿಯೇಟ್ ಮಾಡು (ಗೂಢಲಿಪಿಯ ಮಾತುಕತೆ ಮತ್ತೆ ನಡೆಸು) ಎಂದು ತಿಳಿದುಕೊಳ್ಳುತ್ತದೆ. ಮೇಲ್ ಯಾರಿಗೆಂದು ಹೇಳುವ ಆರ್‌ಸಿಪಿಟಿ ಸಾಲನ್ನು ಸಣ್ಣ ಅಕ್ಷರದಲ್ಲೇ ಬರೆಯಿರಿ, ಸರ್ವರಿಗೆ ಎರಡೂ ಒಂದೇ.

ಮೇಲ್ ಕಳಿಸಿ ಪರೀಕ್ಷಿಸುವ ಸ್ವಾಕ್ಸ್‌ನಲ್ಲಿ ಮೂರು ಎಂಬಿ ಫೈಲ್ ಕೊಟ್ಟೆ. 354 ಆದಮೇಲೆ ಸದ್ದಿಲ್ಲ. 465ನೇ ಪೋರ್ಟಿನಲ್ಲಿ ನೋಡಿದೆ, ಗೂಢಲಿಪಿಯ ಟಿಎಲ್‌ಎಸ್ ಅನ್ನು ಹಳೆಯ 1.2ಕ್ಕೆ ಇಳಿಸಿ ನೋಡಿದೆ, ಅದೇ ಹಾಡು. 25ನೇ ಪೋರ್ಟ್ ಅಂತೂ ಇಂಟರ್‌ನೆಟ್ ಕಂಪೆನಿಯವರೇ ಮುಚ್ಚಿದ್ದು, ಅದರ ಹಿಂದೆ ಒಂದು ಮಧ್ಯಾಹ್ನ ಹಾಳಾಯಿತು.

ದಾರಿ ತೋರಿಸಿದ್ದು ಹೋಗಿಬರುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್. 1448 ಬೈಟಿನ ಅದೇ ಸೆಗ್ಮೆಂಟ್ (ಡೇಟಾದ ತುಂಡು) ಮತ್ತೆ ಮತ್ತೆ ಹೊರಡುತ್ತಿದೆ, ಪ್ರತಿ ಸಲ ಮಧ್ಯದ ಅಂತರ ದುಪ್ಪಟ್ಟು, ಆಚೆಯಿಂದ ಎಸಿಕೆ (ಸಿಕ್ಕಿತೆಂಬ ಉತ್ತರ) ಇಲ್ಲ. ಒಡೆಯಬಾರದೆಂಬ ಫ್ಲ್ಯಾಗ್ ಹಾಕಿ ಪಿಂಗ್ ಮಾಡಿದೆ. 1472 ಬೈಟಿಗೆ ಉತ್ತರವಿಲ್ಲ, 1464ಕ್ಕೆ ತಟ್ಟನೆ ಬಂತು. ಹೆಡರಿನ 28 ಸೇರಿಸಿದರೆ 1492, ಮಾಮೂಲು ಪ್ಯಾಕೆಟ್ ಮಿತಿ 1500. ದೀಪಾವಳಿಗೆ ಮೊದಲು ಲೀಸ್ಡ್ ಲೈನ್ ಬಿಟ್ಟು ಪಿಪಿಪಿಒಇ (ಲಾಗಿನ್ ಆಗಿ ಸೇರುವ ಬಗೆ) ಫೈಬರಿಗೆ ಹೋಗಿದ್ದರು, ಎಂಟು ಬೈಟ್ ಅದು ತಿನ್ನುತ್ತದೆ. "ಪ್ಯಾಕೆಟ್ ದೊಡ್ಡದಾಯಿತು" ಎಂದು ರೂಟರ್ ಐಸಿಎಂಪಿಯಲ್ಲಿ (ನೆಟ್‌ವರ್ಕಿನ ತೊಂದರೆ ತಿಳಿಸುವ ಸಂದೇಶ) ಹೇಳುತ್ತಲೇ ಇತ್ತು. ಸರ್ವರಿನ ಫೈರ್‌ವಾಲ್ ಪಿಂಗ್ ಒಂದನ್ನು ಬಿಟ್ಟು ಐಸಿಎಂಪಿಯನ್ನೆಲ್ಲ ಎಸೆಯುತ್ತಿತ್ತು. ಲ್ಯಾಪ್‌ಟಾಪ್‌ಗಳಿಗೆ ಆ ಮಾತು ಮುಟ್ಟುತ್ತಿತ್ತು, ಅದಕ್ಕೇ ಅವು ಸಲೀಸು.

ರೂಟರಿನಲ್ಲಿ ಎಂಎಸ್‌ಎಸ್ (ಒಂದು ಪ್ಯಾಕೆಟಿನಲ್ಲಿ ಹೋಗುವ ಡೇಟಾದ ಮಿತಿ) 1452ಕ್ಕೆ ಕಟ್ಟಿದೆ, ಫೈರ್‌ವಾಲಿನಲ್ಲಿ ಆ "ದೊಡ್ಡದಾಯಿತು" ಸಂದೇಶವನ್ನು, ಅಂದರೆ ಟೈಪ್ 3 ಕೋಡ್ 4 ಅನ್ನು, ಒಳಬಿಟ್ಟೆ. ಕ್ಯೂ ಫ್ಲಶ್ ಮಾಡಿದರೆ ಇನ್ನೂರರಷ್ಟು ಮೇಲ್ ಹತ್ತು ನಿಮಿಷದೊಳಗೆ ಖಾಲಿ. ಆರು ಸಾವಿರ ತಗೊಂಡೆ. ಹೊಸ ಡಬ್ಬ ಬೇಕೆಂದವರ್ಯಾರೂ ಪ್ಯಾಕೆಟಿನ ಅಳತೆ ನೋಡಿರಲಿಲ್ಲ, ನಾನು ನೋಡಿದೆ.

ಯಾವ ಅಳತೆಯಲ್ಲಿ ಸಿಕ್ಕಿಬೀಳುತ್ತದೆಂದು ಮೇಲ್ ಮೂಲಕವೇ ಪತ್ತೆಮಾಡುವ ಸಣ್ಣ ಸ್ಕ್ರಿಪ್ಟ್ ನನ್ನಲ್ಲಿದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಹಾಕುವುದಿಲ್ಲ. ಮಣಿಪಾಲದ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಗೇಟ್‌ವೇಯ ವೈರ್‌ಗಾರ್ಡ್ ವಿಪಿಎನ್ ಮೂಲಕ ಹೋಗುವ ಮೇಲ್‌ಗೂ ಇದೇ ರೋಗ ಇತ್ತು. ಅಲ್ಲಿ ಎಂಟಿಯು (ಪ್ಯಾಕೆಟಿನ ಗರಿಷ್ಠ ಅಳತೆ) 1420, ಪಿಂಗ್ 1392ರವರೆಗೆ ಹೋಯಿತು. ಎಂಎಸ್‌ಎಸ್ 1380 ಹಾಕಿ ಕೊಟ್ಟೆ.