ಕಿವಿಯ ಹೆಸರು, ಕರೆಯುವ ಹೆಸರು, ಕಾಗದದ ಹೆಸರು

ಬೆಂಗಳೂರಿನ ಮನೆಗಳಲ್ಲಿ ಮಗುವಿನ ಹೆಸರಿನ ವಿಷಯವಾಗಿ ಏಳುವ ಮನಸ್ತಾಪಗಳಲ್ಲಿ ಬಹುಪಾಲಿಗೆ ಕಾರಣ, ಮೂರು ಕೆಲಸಗಳನ್ನು ಒಂದೇ ಹೆಸರಿನ ತಲೆಗೆ ಹೊರಿಸಲು ಹೊರಡುವುದು. ಅಜ್ಜಿಗೆ ಜನ್ಮನಕ್ಷತ್ರದ ಅಕ್ಷರವೂ ಮನೆದೇವರೂ ಬೇಕು. ತಾಯಿಗೆ ಬಾಯಿತುಂಬ ಕರೆಯಲು ಬರುವ ಹೆಸರು ಬೇಕು. ತಂದೆಗೆ ಶಾಲೆಯ ಮತ್ತು ಪಾಸ್‌ಪೋರ್ಟಿನ ಚಿಂತೆ. ಮೂವರಿಗೂ ಒಪ್ಪುವ ಒಂದೇ ಹೆಸರು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಅದೇನೂ ಅನಾಹುತವಲ್ಲ. ನಾಮಕರಣದಲ್ಲಿ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕನಾಮ ಎಂದು ನಾಲ್ಕು ಹೆಸರು ಇಡುವ ಪದ್ಧತಿಯ ಅನುಕೂಲವೂ ಇದೇ. ಆದ್ದರಿಂದ ಹೆಸರು ಹುಡುಕಲು ಹೊರಡುವ ಮೊದಲು, ಯಾವ ಹೆಸರು ಯಾವ ಕೆಲಸಕ್ಕೆ ಎಂಬುದನ್ನು ಮನೆಯವರೆಲ್ಲ ಕುಳಿತು ಒಪ್ಪಿಕೊಳ್ಳಬೇಕು.

ಅನಂತರ ಒಂದು ಹಾಳೆಯಲ್ಲಿ ತಂದೆಯ ಕಡೆಯ ಮತ್ತು ತಾಯಿಯ ಕಡೆಯ ಮೂರು ತಲೆಮಾರಿನ ಹೆಸರುಗಳನ್ನು ಬರೆದು, ಪ್ರತಿಯೊಂದೂ ಹೇಗೆ ಬಂತೆಂದು ಹಿರಿಯರನ್ನು ಕೇಳಿ ಗುರುತು ಹಾಕಿಕೊಳ್ಳಿ. ಬಂದುಹೋಗುವ ನೆಂಟರು ಹೆಚ್ಚಿರುವ ಬಾಣಂತನದ ದಿನಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ. ಬೆಂಗಳೂರು ಸೀಮೆಯ ಹಳೆಯ ಮನೆತನವಾದರೆ ಮುನೇಶ್ವರನ ಹೆಸರು ಹೊತ್ತ ಮುನಿಯಪ್ಪ, ಮುನಿಯಮ್ಮ, ಮುನಿರಾಜು ಒಬ್ಬರಾದರೂ ಸಿಗುವ ಸಂಭವ ಹೆಚ್ಚು. ನಾಗರಾಜನಿದ್ದರೆ ಘಾಟಿ ಸುಬ್ರಹ್ಮಣ್ಯದ ಹರಕೆಯನ್ನೂ, ಗಂಗಾಧರನಿದ್ದರೆ ಶಿವಗಂಗೆಯನ್ನೂ, ಮಾದಪ್ಪನಿದ್ದರೆ ಮಲೆಮಹದೇಶ್ವರ ಬೆಟ್ಟವನ್ನೂ ವಿಚಾರಿಸಿ. ನಟ ರಾಜ್‌ಕುಮಾರ್ ಅವರ ಮೊದಲ ಹೆಸರು ಮುತ್ತುರಾಜ ಬಂದದ್ದು ಮುತ್ತತ್ತಿಯ ಆಂಜನೇಯನಿಂದ. ಪರದೆಯ ಹೆಸರು ಬಂದದ್ದು ಆಮೇಲೆ.

ಕೆಲವು ಹೆಸರುಗಳನ್ನು ಕೇಳಿದಾಗ ಮುಜುಗರವಾದೀತು. ನನ್ನ ಅಜ್ಜಿಯ ಹೆಸರು ತಿಪ್ಪಮ್ಮ. ಶಾಲೆಯ ದಿನಗಳಲ್ಲಿ ಅದನ್ನು ಗೆಳತಿಯರ ಮುಂದೆ ಹೇಳಲು ನಾಚುತ್ತಿದ್ದೆ. ಆಕೆಗಿಂತ ಮೊದಲು ಹುಟ್ಟಿದ ಮೂವರು ಉಳಿಯಲಿಲ್ಲವೆಂದು, ಈ ಮಗುವನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು, ಯಾರಿಗೂ ಬೇಡದ ಕೂಸೆಂದು ಸಾವಿನ ಕಣ್ಣಿಗೆ ತೋರಿಸಿ, ನೆರೆಮನೆಯಾಕೆಯಿಂದ ಎತ್ತಿ ತರಿಸಿಕೊಂಡರೆಂಬುದು ತಿಳಿದದ್ದು ನಾನು ಬಾಣಂತಿಯಾಗಿ ಮಲಗಿದ್ದಾಗ. ಗುಂಡಪ್ಪ, ಕಲ್ಲಪ್ಪ ಎಂಬ ಹೆಸರುಗಳ ಹಿಂದೆಯೂ ಹಲವು ಮನೆಗಳಲ್ಲಿ ಇದೇ ಭಯವಿದೆ. ತೊಟ್ಟಿಲಿಗೆ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸುವ ಶಾಸ್ತ್ರವೂ, ಮಗು ಕಲ್ಲಿನಂತೆ ಗಟ್ಟಿಯಾಗಿ ಉಳಿಯಲೆಂಬ ಆಸೆಯದೇ. ತಿಪ್ಪಮ್ಮ ಎಂದು ಮಗಳಿಗೆ ಇಡುವ ಧೈರ್ಯ ನನಗೂ ಬರಲಿಲ್ಲ. ಆದರೆ ಆ ಆಸೆಯನ್ನು ಉಳಿಸಿಕೊಂಡು ಚಿರಂತನಾ ಎಂದು ಹೆಸರಿಟ್ಟೆವು. ಹಳೆಯ ಹೆಸರಿನ ಸದ್ದು ಒಗ್ಗದಿದ್ದರೆ ಅದರ ಕಥೆಯನ್ನು ಹೀಗೆ ಬೇರೆ ಮಾತಿಗೆ ಸಾಗಿಸಬಹುದು.

ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಬೇರೊಂದು ತೊಡಕಿತ್ತು: ಸೊಸೆ ಮಾವನವರ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ, ಗದರುವಾಗಲಂತೂ ಇಲ್ಲವೇ ಇಲ್ಲ. ಪುಟ್ಟ, ಅಪ್ಪು, ಅಮ್ಮಣ್ಣಿ ಎಂಬ ಕರೆಯುವ ಹೆಸರುಗಳು ಅಂಥ ಮನೆಗಳಲ್ಲಿ ಎಷ್ಟು ಉಪಕಾರ ಮಾಡಿವೆಯೆಂದು ಹೇಳಬೇಕಾಗಿಲ್ಲ. ಅಜ್ಜ ಬದುಕಿರುವಾಗಲೇ ಅವರ ಹೆಸರಿಡುವುದು ಕೆಲವು ಮನೆಗಳಲ್ಲಿ ಗೌರವ, ಕೆಲವು ಮನೆಗಳಲ್ಲಿ ಅಪಶಕುನ, ಅವರನ್ನೇ ಕೇಳಿಬಿಡಿ.

ನಕ್ಷತ್ರದ ಅಕ್ಷರ ನೋಡುವವರು ಲೆಕ್ಕವನ್ನು ಸರಿಯಾಗಿ ತಿಳಿದಿರಬೇಕು. ನಕ್ಷತ್ರಗಳು 27, ಪ್ರತಿಯೊಂದಕ್ಕೆ 4 ಪಾದ, ಒಟ್ಟು 108 ಅಕ್ಷರಗಳು. ಒಂದು ಪಾದವನ್ನು ಚಂದ್ರ ದಾಟಲು ಸುಮಾರು 6 ಗಂಟೆ ಬೇಕಾಗುವುದರಿಂದ, ಆಸ್ಪತ್ರೆಯ ದಾಖಲೆಯಲ್ಲಿರುವ ಜನನ ಸಮಯವನ್ನೇ ಪುರೋಹಿತರಿಗೆ ಕೊಡಿ. ‘ಬೆಳಗಿನ ಜಾವ’ ಎಂದರೆ ಸಾಲದು. ರೋಹಿಣಿಯಾದರೆ ಒ, ವ, ವಿ, ವು. ಅಲ್ಲಿ ವಸುಧೆಯಿಂದ ವಿನಯನವರೆಗೆ ಹೆಸರುಗಳಿಗೆ ಬರವಿಲ್ಲ. ಆರ್ದ್ರಾ ನಕ್ಷತ್ರದ ಮೂರನೆಯ ಪಾದಕ್ಕೆ ‘ಙ’ ಬರುತ್ತದೆ. ಅದರಿಂದ ಶುರುವಾಗುವ ಹೆಸರನ್ನು ಯಾವ ಪುಣ್ಯಾತ್ಮನೂ ಹುಡುಕಲಾರ. ಅಂಥ ಕಡೆ ಅದೇ ನಕ್ಷತ್ರದ ಬೇರೆ ಪಾದದ ಅಕ್ಷರವನ್ನು ತೆಗೆದುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಕ್ಷತ್ರದ ಹೆಸರು ಕಿವಿಯಲ್ಲಿ ಹೇಳುವ ಹೆಸರಾಗಿದ್ದರೆ ಸಾಕು. ಅದಕ್ಕಾಗಿ ಅರ್ಥವೇ ಇಲ್ಲದ ಪದವನ್ನು ಹೊಸೆದು ಜನನ ಪ್ರಮಾಣಪತ್ರಕ್ಕೆ ಏರಿಸುವುದು ಬೇಡ.

ಅರ್ಥದ ವಿಷಯದಲ್ಲಿ ಮೊಬೈಲಿನ ಹೆಸರುಪಟ್ಟಿಗಳನ್ನು ಪೂರ್ತಿ ನಂಬಬಾರದು. ಯಾವ ಹೆಸರನ್ನು ಒತ್ತಿದರೂ ‘ದೇವರ ಕೊಡುಗೆ’ ಎನ್ನುವ ಪಟ್ಟಿಗಳನ್ನು ನಾನು ನೋಡಿದ್ದೇನೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನಲ್ಲಿ ಅಥವಾ 1894ರ ಕಿಟೆಲ್ ನಿಘಂಟಿನಲ್ಲಿ ಪದ ಇದೆಯೇ ಎಂದು ನೋಡಿ. ಇಬ್ಬನಿ, ಇಂಚರ, ನೇಸರ, ಹೊಂಬಾಳೆಯಂಥ ಅಚ್ಚಗನ್ನಡದ ಪದಗಳು ಹೆಸರಾಗಿ ಎಷ್ಟು ಚೆನ್ನಾಗಿ ಒಪ್ಪುತ್ತವೆಂಬುದೂ ಆಗ ಕಾಣುತ್ತದೆ.

ಆಯ್ದ ಎರಡು ಮೂರು ಹೆಸರುಗಳನ್ನು ಮನೆಯ ಅತ್ಯಂತ ಹಿರಿಯರಿಂದ ಹೇಳಿಸಿ ನೋಡಿ. ಹರ್ಷಿತಾ ಅವರ ಬಾಯಲ್ಲಿ ‘ಅರ್ಸಿತ’ ಆದರೆ, ಆ ಮಗು ಹತ್ತು ವರ್ಷ ಕೇಳಲಿರುವುದು ಅದನ್ನೇ. ಅದು ನಿಮಗೆ ಹಿತವೋ ಅಲ್ಲವೋ ನೀವೇ ತೀರ್ಮಾನಿಸಿ. ಆಮೇಲೆ ಮಹಡಿಯಿಂದ ಅಂಗಳಕ್ಕೆ ಒಮ್ಮೆ ಕೂಗಿ. ನಮ್ಮ ಬೀದಿಯ ಪಾರ್ಕಿನಲ್ಲಿ ಆರವ್ ಎಂದು ಕೂಗಿದರೆ ನಾಲ್ಕು ತಲೆಗಳು ತಿರುಗುತ್ತವೆ. ಕೊನೆಗೆ ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದ ಅಂಚಿನಿಂದ ಬರೆದು ನೋಡಿ: ಒತ್ತಕ್ಷರ ಹೆಚ್ಚಿದ್ದರೆ ಅಕ್ಕಿ ಜಾರಿ ಕೊಂಬು, ಒತ್ತು ಎರಡೂ ಮುಚ್ಚಿಹೋಗುತ್ತವೆ, ಉದ್ದದ ಹೆಸರಾದರೆ ಕೊನೆಯ ಅಕ್ಷರ ತಟ್ಟೆಯ ಅಂಚು ಹತ್ತಿ ನಿಲ್ಲುತ್ತದೆ. ಪುರುಡು ಕಳೆದು 11 ಅಥವಾ 12ನೆಯ ದಿನ ನಾಮಕರಣ ಮಾಡುವವರಿಗೆ ಇಷ್ಟಕ್ಕೆಲ್ಲ ಸಮಯ ಸಾಲದೆನಿಸಿದರೆ, ಅಂದು ನಕ್ಷತ್ರನಾಮವನ್ನಷ್ಟೇ ಹೇಳಿ ಉಳಿದದ್ದನ್ನು ಮುಂದಕ್ಕೆ ಹಾಕಬಹುದು. ಹಲವು ಮನೆಗಳಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವರಿಗೆ ಮೊದಲೇ ತಿಳಿಸದೆ ಹೆಸರು ಬದಲಿಸಿದರೆ ಆಗುವ ರಾದ್ಧಾಂತಕ್ಕೆ ಈ ಬರಹದಲ್ಲಿ ಪರಿಹಾರವಿಲ್ಲ.

ಕಾಗದದ ಹೆಸರಿನ ಭಾಗ ಮುಸ್ಲಿಮರ ಅಕೀಕಾದಲ್ಲಿ ಹೆಸರಿಡುವವರಿಗೂ ಕ್ರೈಸ್ತರ ದೀಕ್ಷಾಸ್ನಾನದಲ್ಲಿ ಹೆಸರಿಡುವವರಿಗೂ ಒಂದೇ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಆದರೆ ಹೆಸರಿನ ಜಾಗವನ್ನು ಖಾಲಿ ಬಿಡಬಹುದು; ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆಯೂ, ಅನಂತರ 15 ವರ್ಷದವರೆಗೆ ತಡದ ಶುಲ್ಕ ಕೊಟ್ಟೂ ಹೆಸರು ಸೇರಿಸಲು ಅವಕಾಶವಿದೆ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಪಾಸ್‌ಪೋರ್ಟ್ ಮೊದಲಾದವಕ್ಕೆಲ್ಲ ಈ ಪ್ರಮಾಣಪತ್ರವೇ ಜನನದ ದಾಖಲೆ. ಆದ್ದರಿಂದ ಆಸ್ಪತ್ರೆಯಿಂದ ಬಿಡುಗಡೆಯಾಗುವ ಗಡಿಬಿಡಿಯಲ್ಲಿ ಹೆಸರು ತುಂಬಿಸಬೇಡಿ. ನಾವು ತುಂಬಿಸಿದೆವು. ಇಂಗ್ಲಿಷಿನಲ್ಲಿ ಕೊನೆಯ ‘ಎ’ ಬಿಟ್ಟುಹೋಗಿ, ಅದನ್ನು ನೋಡಿ ಕನ್ನಡದಲ್ಲಿಯೂ ಬರೆದಿದ್ದರಿಂದ, ನಮ್ಮ ಚಿರಂತನಾ ಕಾಗದದಲ್ಲಿ ‘ಚಿರಂತನ್’ ಎಂಬ ಗಂಡುಮಗುವಿನಂತೆ ಕಾಣಿಸಿಕೊಂಡಳು. ತಿದ್ದಿಸಲು ಐದು ತಿಂಗಳು ಓಡಾಡಿದೆವು. ಪ್ರಮಾಣಪತ್ರದಲ್ಲಿ ಎರಡೂ ಭಾಷೆಯ ಸಾಲುಗಳನ್ನು ಬೆರಳಿಟ್ಟು ಓದಬೇಕು. ‘ತ’ಕಾರಕ್ಕೆ ಟಿ ಜೊತೆ ಎಚ್ ಸೇರಿಸುವುದು ನಮ್ಮ ಕಡೆಯ ರೂಢಿ, ಸೇರಿಸುವುದಾದರೆ ಎಲ್ಲ ದಾಖಲೆಗಳಲ್ಲಿಯೂ ಸೇರಿಸಿ. (ಈ ಊರಿನ ಇಂಗ್ಲಿಷ್ ಕಾಗುಣಿತವೇ ಅಧಿಕೃತವಾಗಿ ಸರಿಹೋದದ್ದು 2014ರ ನವೆಂಬರ್ 1ರಂದು.)

ಇನಿಷಿಯಲ್ ಬಗ್ಗೆಯೂ ಆಗಲೇ ನಿರ್ಧರಿಸಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ಅವರ ‘ಎಂ’ ಪೂರ್ವಿಕರ ಊರಾದ ಮೋಕ್ಷಗುಂಡಂ. ಊರನ್ನೋ ತಂದೆಯನ್ನೋ ಒಂದೇ ಅಕ್ಷರದಲ್ಲಿ ಅಡಗಿಸಿಡುವ ಈ ಕ್ರಮ ನಮಗೆ ಸಹಜ, ಆದರೆ ಪಾಸ್‌ಪೋರ್ಟಿನ ಅರ್ಜಿ ಅದನ್ನು ಬಿಡಿಸಿ ಬರೆಯಿರಿ ಎನ್ನುತ್ತದೆ. ಒಂಟಿ ಹೆಸರೂ ತೊಡಕೇ: 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂದಿತು. ತಂದೆಯ ಹೆಸರೋ, ತಾಯಿಯದೋ, ಊರಿನದೋ, ಯಾವುದಾದರೂ ಒಂದನ್ನು ಪೂರ್ತಿಯಾಗಿ ಹೆಸರಿನ ಕೊನೆಗೆ ಬರೆಸಿಬಿಡುವುದು ಕ್ಷೇಮ.

ಇದೆಲ್ಲ ಮುಗಿದ ಮೇಲೆ, ಹಿರಿಯರಿಂದ ಕೇಳಿ ಬರೆದ ಹಾಳೆಯ ಕೆಳಗೆ ಹೊಸ ಹೆಸರನ್ನೂ ಅದರ ಕಾರಣವನ್ನೂ ಬರೆದು ಪ್ರಮಾಣಪತ್ರದ ಜೊತೆಗೇ ಇಡಿ. ಬೇಡವೆಂದು ಬಿಟ್ಟ ಹೆಸರುಗಳನ್ನೂ ಅಲ್ಲಿಯೇ ಬರೆದಿಟ್ಟುಕೊಳ್ಳಿ. ಎರಡನೆಯ ಮಗುವಿನ ಹೊತ್ತಿಗೆ ಅವು ಯಾರಿಗೂ ನೆನಪಿರುವುದಿಲ್ಲ.