ಅಂಟಾರ್ಕ್ಟಿಕಾ ಹಡಗು ಹತ್ತುವ ಮುಂಚೆ ನಾವು ಮಾಡಿಕೊಂಡ ತಯಾರಿ

ಅಂಟಾರ್ಕ್ಟಿಕಾಗೆ ಹೋಗಿಬಂದೆವು ಅಂದಕೂಡಲೇ ಎಲ್ಲರೂ ಮೊದಲು ಕೇಳುವುದು ಚಳಿಯ ಬಗ್ಗೆ. ಡಿಸೆಂಬರ್, ಜನವರಿ ಅಲ್ಲಿ ಬೇಸಿಗೆ. ಹಡಗುಗಳು ಹೋಗುವ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಕರಾವಳಿಯಲ್ಲಿ ಆಗ ಉಷ್ಣಾಂಶ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಗಾಳಿ ಬೀಸಿದಾಗ ಮಾತ್ರ ಮೂಳೆಗೆ ತಾಗುತ್ತದೆ. ಚಳಿಗೆ ಬಟ್ಟೆ ಸಿಗುತ್ತದೆ. ಕಾಲಿನ ಶಕ್ತಿ ಅಂಗಡಿಯಲ್ಲಿ ಸಿಗುವುದಿಲ್ಲ ಅಲ್ವಾ? ನಾವು ಅದಕ್ಕೇ ಜಾಸ್ತಿ ತಯಾರಿ ಮಾಡಿಕೊಂಡೆವು.

ಹಡಗಿನೊಳಗೆ ಎಲ್ಲ ಸುಖವೂ ಇತ್ತು. ಬಾಲ್ಕನಿ ಇರುವ ಕೋಣೆ, ಬಿಸಿನೀರಿನ ತೊಟ್ಟಿ, ಕೂತಲ್ಲಿಗೇ ಕಾಫಿ. ಆದರೆ ಪೆಂಗ್ವಿನ್ ಇರುವ ಕಡೆ ಹಡಗುಕಟ್ಟೆ ಎಲ್ಲಿಂದ ಬರಬೇಕು? ಝೋಡಿಯಾಕ್ ಎನ್ನುವ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲೇ ದಡ ಸೇರಬೇಕು. ಹಡಗಿನ ಪಕ್ಕದ ಮೆಟ್ಟಿಲಿನ ತುದಿಗೆ ಬಂದು ನಿಂತರೆ, ದೋಣಿ ಅಲೆಯ ಜೊತೆ ಒಂದಡಿ ಮೇಲೆ, ಒಂದಡಿ ಕೆಳಗೆ ಹೋಗುತ್ತಿರುತ್ತದೆ. ಎರಡೂ ಕೈ ಖಾಲಿ ಇರಬೇಕು. ದೋಣಿಯವರ ಮುಂಗೈಯನ್ನು ನಾವು ಹಿಡಿಯಬೇಕು, ನಮ್ಮದನ್ನು ಅವರು ಹಿಡಿಯುತ್ತಾರೆ. ದೋಣಿ ಮೇಲೆ ಬಂದ ಕ್ಷಣ ಒಂದು ಕಾಲು ರಬ್ಬರ್ ಅಂಚಿನ ಮೇಲೆ, ಇನ್ನೊಂದು ಒಳಗೆ. ತಕ್ಷಣ ಕೂತು ಸರಿಯಬೇಕು. ಇಳಿಯುವಾಗ ಕೂತಲ್ಲೇ ತಿರುಗಿ, ಕಾಲನ್ನು ಅಂಚಿನಾಚೆ ಚಾಚಿ, ಮೊಣಕಾಲುದ್ದದ ನೀರಿಗೆ ಇಳಿಯಬೇಕು. ತಳದಲ್ಲಿ ಜಾರುವ ದುಂಡುಕಲ್ಲು.

ನನ್ನ ಹೆಂಡತಿಗೆ ಮಂಡಿನೋವು ಇತ್ತು. ಹಾಗಾಗಿ ಹಣ ಕಟ್ಟುವ ಮೊದಲೇ ಫಿಸಿಯೋಥೆರಪಿಯವರಿಗೆ ಇದನ್ನೆಲ್ಲ ವಿವರಿಸಿ ಹೇಳಿದೆವು. ಕುರ್ಚಿಯಿಂದ ಕೈ ಊರದೆ ಏಳುವುದು, ಒಂಟಿಕಾಲಲ್ಲಿ ನಿಲ್ಲುವುದು ದಿನದ ಅಭ್ಯಾಸವಾಯಿತು. ನಾವು ಮೈಸೂರಿನವರು, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿರದಲ್ಲೇ ಇತ್ತು. ಹತ್ತಿದರೆ ಉಸಿರಿಗೆ ಒಳ್ಳೆಯದು. ಹಿಮದಲ್ಲಿ ನಮ್ಮ ಕೈಹಿಡಿದದ್ದು ಇಳಿದ ಅಭ್ಯಾಸ.

ಹಡಗು ಆರಿಸುವಾಗ ಒಂದೇ ಲೆಕ್ಕ ನೋಡಿದೆವು: ಎಷ್ಟು ಜನ ಪ್ರಯಾಣಿಕರು? ಅಲ್ಲಿಗೆ ಹೋಗುವ ಪ್ರವಾಸಿ ಸಂಸ್ಥೆಗಳ ಒಕ್ಕೂಟ ಐಎಎಟಿಒ. ಅದರ ನಿಯಮದಂತೆ ಒಂದು ಜಾಗದಲ್ಲಿ ಒಂದು ಸಲಕ್ಕೆ 100 ಜನರಿಗಿಂತ ಹೆಚ್ಚು ಇಳಿಯುವಂತಿಲ್ಲ. 500ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗಾದರೆ ಯಾರನ್ನೂ ಇಳಿಸುವಂತಿಲ್ಲ. ಚಿಕ್ಕ ಹಡಗಿಗೆ ಕೊಡುವ ದುಡ್ಡು ನೆಲದ ಮೇಲೆ ಸಿಗುವ ಸಮಯಕ್ಕೆ. ನನಗೆ ಅದು ಬಾಲ್ಕನಿಗಿಂತ ದೊಡ್ಡದು.

ಹಡಗು ಹತ್ತುವುದು ಅರ್ಜೆಂಟೀನಾದಲ್ಲಿ, ಹಾಗಾಗಿ ಅಲ್ಲಿನ ವೀಸಾ ಕೆಲಸ ಬೇಗ ಶುರುಮಾಡಿ. ಇನ್ಶೂರೆನ್ಸ್‌ನಲ್ಲಿ ಅಂಟಾರ್ಕ್ಟಿಕಾದಿಂದ ತುರ್ತಾಗಿ ಸಾಗಿಸುವ ಖರ್ಚು ಸೇರಿದೆಯಾ ಎಂದು ಪಾಲಿಸಿ ಓದಿ ನೋಡಿ, ಏಜೆಂಟ್ ಬಾಯಿಮಾತು ಸಾಲದು. ಹಡಗಿನವರು ಆರೋಗ್ಯದ ಫಾರ್ಮ್ ಕೇಳುತ್ತಾರೆ. ಬಿಪಿ, ಶುಗರ್ ಏನೂ ಮುಚ್ಚಿಡಬೇಡಿ. ಹತ್ತಿರದ ಆಸ್ಪತ್ರೆ ಸಮುದ್ರದಾಚೆ ಇರುತ್ತದೆ. ಸಸ್ಯಾಹಾರಿಗಳು ಬುಕಿಂಗ್ ಸಮಯದಲ್ಲೇ ತಿಳಿಸಿದರೆ ಊಟದ ಚಿಂತೆ ಇಲ್ಲ. ಹಡಗು ಹೊರಡುವ ಉಶುವಾಯಾ ಊರಿಗೆ ಮುಂಚೆಯೇ ಹೋಗಿ ಉಳಿದುಕೊಳ್ಳಿ. ಬ್ಯಾಗ್ ತಡವಾದರೆ ಹಡಗು ಕಾಯುವುದಿಲ್ಲ.

ದಕ್ಷಿಣ ಅಮೆರಿಕ ಮತ್ತು ಅಂಟಾರ್ಕ್ಟಿಕಾ ನಡುವಿನ ಸಮುದ್ರ ಡ್ರೇಕ್ ಜಲಮಾರ್ಗ, ಅದರ ಬಗ್ಗೆ ಭಯ ಇರುವುದು ಸಹಜ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್‌ನಿಂದ ಅಂಟಾರ್ಕ್ಟಿಕಾ ಕಡೆಯ ದಕ್ಷಿಣ ಶೆಟ್ಲೆಂಡ್ ದ್ವೀಪಗಳವರೆಗೆ ಸುಮಾರು 800 ಕಿ.ಮೀ. ಆ ಅಕ್ಷಾಂಶದಲ್ಲಿ ಭೂಮಿಯ ಸುತ್ತ ಗಾಳಿಗೆ ಅಡ್ಡ ಬರುವ ನೆಲವೇ ಇಲ್ಲ. ಹಡಗು ಬೀಗಲ್ ಕಾಲುವೆ ದಾಟಿ ತೆರೆದ ಸಮುದ್ರಕ್ಕೆ ಬರುವ ಮೊದಲೇ, ಓಲಾಟಕ್ಕೆ ವಾಂತಿ ಬಾರದಂತೆ ತಡೆಯುವ ಮಾತ್ರೆ ನುಂಗಿರಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ. ಯಾವ ಮಾತ್ರೆ ಎಂದು ನಿಮ್ಮ ಡಾಕ್ಟರನ್ನೇ ಕೇಳಿ, ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಕೆಲವು ಆಗಿಬರುವುದಿಲ್ಲ. ಓಡಾಡುವಾಗ ಒಂದು ಕೈ ಯಾವಾಗಲೂ ಕಂಬಿಯ ಮೇಲೆ. ಬಾಗಿಲ ಸಂದಿಗೆ ಬೆರಳು ಇಡಲೇಬೇಡಿ.

ಬಟ್ಟೆ ಮೂರು ಪದರ: ಮೈಗೆ ಅಂಟುವ ಮೆರಿನೋ ಉಣ್ಣೆ, ಮೇಲೆ ಫ್ಲೀಸ್, ಅದರ ಮೇಲೆ ನೀರು ಇಳಿಯದ ಕೋಟು. ಒಳಗೆ ಹತ್ತಿ ಬಟ್ಟೆ ಬೇಡ, ಬೆವರು ಹೀರಿ ತಣ್ಣಗೆ ಕೂರುತ್ತದೆ. ನಮ್ಮ ಹಡಗಿನವರು ಕೋಟು ಕೊಟ್ಟರು, ಬೂಟು ಎರವಲಾಗಿ ಸಿಕ್ಕಿತು. ವಾಟರ್‌ಪ್ರೂಫ್ ಪ್ಯಾಂಟ್ ನಮ್ಮದೇ. ಅದಕ್ಕೆ ಜಿಪುಣತನ ಮಾಡಬೇಡಿ. ಅದು ಬೂಟಿನ ಹೊರಗೆ ಬರುವಂತೆ ಹಾಕಿಕೊಂಡರೆ ನೀರು ಒಳಗಿಳಿಯದು. ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಕೂಡ ಬೇಕೇ ಬೇಕು, ಹಿಮದ ಮೇಲಿನ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ.

ನನಗೆ ತುಂಬಾ ಹಿಡಿಸಿದ ತಯಾರಿ ಬ್ಯಾಗ್ ಸ್ವಚ್ಛಗೊಳಿಸುವುದು. ಹೊರಗಿನ ಬೀಜ, ಮಣ್ಣು ಏನೂ ಆ ನೆಲಕ್ಕೆ ಹೋಗಬಾರದು. ಪೋವಾ ಆನ್ಯುವಾ ಎಂಬ ಮಾಮೂಲಿ ಹುಲ್ಲು ಅಂಟಾರ್ಕ್ಟಿಕಾದ ಕಿಂಗ್ ಜಾರ್ಜ್ ದ್ವೀಪದಲ್ಲಿ ಹೀಗೇ ಜನರ ಜೊತೆ ಬಂದು ಬೇರು ಬಿಟ್ಟಿದೆ. ಮನೆಯಲ್ಲೇ ಪತ್ರಿಕೆ ಹಾಸಿ ಕೂತು, ಬ್ಯಾಗಿನ ಹೊಲಿಗೆ ಸಂದಿಗಳನ್ನು ಟಾರ್ಚ್ ಹಿಡಿದು ನೋಡಿದೆ. ವೆಲ್ಕ್ರೋ ಪಟ್ಟಿಯ ಕೊಕ್ಕೆಗಳಲ್ಲಿ ಹಳೆಯ ಚಾರಣದ ಉತ್ತರಾಣಿ ಬೀಜಗಳು ಸಿಕ್ಕಿಕೊಂಡಿದ್ದವು. ಚಿಮಟದಲ್ಲಿ ಒಂದೊಂದೇ ಕಿತ್ತೆ. ಹಡಗಿನಲ್ಲಿ ಮತ್ತೆ ತಪಾಸಣೆ ಮಾಡಿ, ವ್ಯಾಕ್ಯೂಮ್ ಹೊಡೆಸಿ, ನಾವು ಸಹಿ ಹಾಕಿದ ಮೇಲೇ ಇಳಿಯಲು ಬಿಟ್ಟರು. ಪ್ರತಿ ಸಲವೂ ಬೂಟನ್ನು ಕ್ರಿಮಿನಾಶಕದಲ್ಲಿ ತೊಳೆಯಬೇಕು.

ಹಕ್ಕಿಜ್ವರ ಆ ಕಡೆ ತಲುಪಿದ ಮೇಲೆ ಇನ್ನೊಂದು ನಿಯಮ ಬಂದಿದೆ. ದಡದಲ್ಲಿ ಕೂರುವಂತಿಲ್ಲ, ಮಂಡಿಯೂರುವಂತಿಲ್ಲ, ಬ್ಯಾಗನ್ನೂ ನೆಲಕ್ಕೆ ಇಡುವಂತಿಲ್ಲ. ಇಳಿದಷ್ಟು ಹೊತ್ತೂ ನಿಂತೇ ಇರಬೇಕು, ಪೆಂಗ್ವಿನ್‌ನಿಂದ ಕನಿಷ್ಠ 5 ಮೀಟರ್ ದೂರದಲ್ಲಿ. ಹಾಗಾಗಿ ಹೆಗಲಿಗೆ ಹಗುರವಾದ, ನೀರು ಇಳಿಯದ ಒಂದೇ ಬೆನ್ನುಚೀಲ ಸಾಕು. ಹೆಚ್ಚುವರಿ ಬ್ಯಾಟರಿಯನ್ನು ಕೋಟಿನ ಒಳಜೇಬಿನಲ್ಲಿ ಮೈಗೆ ಹತ್ತಿರ ಇಡಿ, ತಣ್ಣಗಾದರೆ ಬೇಗ ಖಾಲಿಯಾಗುತ್ತದೆ.